ಒಂದೇ ಮೈ, ನೂರು ವೇಷ: ಲೇಯರ್ ಸ್ಪ್ರೈಟ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಪೇಟೆ ಬೀದಿಯೊಂದರಲ್ಲಿ ನಡೆಯುವ ಸಣ್ಣ ವಿಡಿಯೋ ಗೇಮ್ ಒಂದನ್ನು ಮೂರು ಜನ ಸೇರಿ ಮಾಡುತ್ತಿದ್ದೇವೆ. ಕೋಡ್ ಇಬ್ಬರದು. ಬೀದಿಯಲ್ಲಿ ಓಡಾಡುವ ಜನರನ್ನು ಬಿಡಿಸುವುದು ನನ್ನ ಪಾಲು. ಆಡುವವರು ತಮ್ಮ ಪಾತ್ರಕ್ಕೆ ಕೂದಲು, ಬಟ್ಟೆ, ಚಪ್ಪಲಿ, ಬೊಟ್ಟು ಎಲ್ಲವನ್ನೂ ತಾವೇ ಆರಿಸಿಕೊಳ್ಳಬಹುದು. ಇದನ್ನು ನೋಡಿದವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಪ್ರತಿ ಸಲ ವಾಟ್ಸಾಪ್‌ನಲ್ಲಿ ಟೈಪ್ ಮಾಡಿ ಮಾಡಿ ಬೆರಳು ಸೋತಿದೆ. ಅದಕ್ಕೇ ಇಲ್ಲಿ ಒಟ್ಟಿಗೆ ಬರೆದಿಟ್ಟಿದ್ದೇನೆ.

ಲೇಯರ್ ಸ್ಪ್ರೈಟ್ ಅಂದರೆ ಏನು?

ನಿಮ್ಮ ಮನೆಯಲ್ಲಿ ದಸರಾ ಗೊಂಬೆ ಕೂರಿಸುತ್ತಿದ್ದರೆ ಪಟ್ಟದ ಗೊಂಬೆ ಗೊತ್ತಿರುತ್ತದೆ. ರಾಜ, ರಾಣಿ, ಮರದ ಜೋಡಿ. ಗೊಂಬೆ ಅಜ್ಜಿಯ ಕಾಲದ್ದೇ, ವರ್ಷ ವರ್ಷ ಬದಲಾಗುವುದು ಸೀರೆ, ಪಂಚೆ, ಪೇಟ, ಸರ. ಲೇಯರ್ ಸ್ಪ್ರೈಟೂ ಅಷ್ಟೇ. ಸ್ಪ್ರೈಟ್ ಅಂದರೆ ಆಟದ ತೆರೆಯ ಮೇಲೆ ಓಡಾಡುವ ಪುಟ್ಟ ಚಿತ್ರ. ಅದನ್ನು ಒಂದೇ ಚಿತ್ರವಾಗಿ ಬರೆಯದೆ ಮೈ, ಕೂದಲು, ಅಂಗಿ, ಪ್ಯಾಂಟು, ಚಪ್ಪಲಿ ಅಂತ ಬೇರೆ ಬೇರೆ ಬರೆಯುತ್ತೇವೆ. ಎಲ್ಲದಕ್ಕೂ ಹಿನ್ನೆಲೆ ಪಾರದರ್ಶಕ, ಎಲ್ಲದಕ್ಕೂ ಒಂದೇ ಅಳತೆಯ ಕ್ಯಾನ್ವಾಸ್. ಆಟ ನಡೆಯುವಾಗ ಒಂದರ ಮೇಲೊಂದು ಇಟ್ಟರೆ ಆಳು ತಯಾರು.

ಇಷ್ಟೆಲ್ಲ ಯಾಕೆ? ಒಂದೊಂದು ವೇಷವನ್ನೂ ಪೂರ್ತಿ ಬರೆದರೆ ಆಗಲ್ವಾ?

ನಾಲ್ಕೈದು ಪಾತ್ರ ಸಾಕು ಅನ್ನುವುದಾದರೆ ಆಗುತ್ತದೆ. ಹಾಗೇ ಮಾಡಿ, ನೆಮ್ಮದಿ. ಆಡುವವರಿಗೆ ಆಯ್ಕೆ ಕೊಡಬೇಕು ಅಂದಾಗ ಲೆಕ್ಕ ಬದಲಾಗುತ್ತದೆ. 12 ಕೇಶಶೈಲಿ, 15 ಅಂಗಿ, 10 ಪ್ಯಾಂಟು ಅಥವಾ ಪಂಚೆ, 6 ಚಪ್ಪಲಿ ಅಂತಿಟ್ಟುಕೊಳ್ಳಿ. ನೀವು ಬರೆಯುವುದು 43 ಸಾಮಾನು. ಆಡುವವರಿಗೆ ಸಿಗುವುದು 10,800 ವೇಷ. ಐದು ಮೈಬಣ್ಣ ಸೇರಿಸಿದರೆ 54,000.

ಇದನ್ನು ಕೇಳಿ ಎಲ್ಲರ ಕಣ್ಣೂ ಅರಳುತ್ತದೆ. ನನ್ನದೂ ಅರಳಿತ್ತು. ಆ 43ರ ಹಿಂದೆ ಇನ್ನೊಂದು ಗುಣಾಕಾರ ಅಡಗಿ ಕೂತಿದೆ ಅಂತ ಆಗ ಹೊಳೆಯಲಿಲ್ಲ. ಅದು ಮುಂದಿನ ಪ್ರಶ್ನೆಯಲ್ಲಿ.

ಮೊದಲು ಏನು ಬರೆಯಬೇಕು?

ಮೈ. ಬರೀ ಮೈ. ಬಟ್ಟೆಗೆ ಕೈ ಹಾಕಲೇಬೇಡಿ.

ಚಲನೆಯ ಒಂದೊಂದು ಹಂತದ ಚಿತ್ರಕ್ಕೆ ಫ್ರೇಮ್ ಅನ್ನುತ್ತಾರೆ. ನಮ್ಮ ಆಟದಲ್ಲಿ ನಿಲ್ಲುವುದಕ್ಕೆ 2 ಫ್ರೇಮ್, ನಡೆಯುವುದಕ್ಕೆ 6, ಕೂರುವುದಕ್ಕೆ 1, ಬಗ್ಗಿ ಎತ್ತಿಕೊಳ್ಳುವುದಕ್ಕೆ 4. ಒಟ್ಟು 13. ಪಾತ್ರ ನಾಲ್ಕು ದಿಕ್ಕಿಗೆ ತಿರುಗುತ್ತದೆ, ಹಾಗಾಗಿ 52. ಅಂದರೆ ‘ಒಂದು ಅಂಗಿ’ ಅನ್ನುವುದು 52 ಅಂಗಿ. ತೆಳ್ಳಗಿನ ಮೈ, ದಪ್ಪ ಮೈ ಅಂತ ಎರಡು ಇಟ್ಟರೆ 104. ಇಪ್ಪತ್ತು ಬಟ್ಟೆ ಮಾಡಿದರೆ 2,080 ಪುಟ್ಟ ಚಿತ್ರ. ಒಂದು ಬಟ್ಟೆ ಸೇರಿಸಿದರೆ ಕೆಲಸ ಅದೊಂದರಷ್ಟು ಹೆಚ್ಚುತ್ತದೆ. ಒಂದು ಭಂಗಿ ಸೇರಿಸಿದರೆ ಈವರೆಗೆ ಬರೆದ ಪ್ರತಿ ಬಟ್ಟೆಗೂ ಕೆಲಸ ಹೆಚ್ಚುತ್ತದೆ.

ನನಗೆ ಆದದ್ದು ಇದೇ. ಹುಮ್ಮಸ್ಸಿನಲ್ಲಿ ಹದಿನಾಲ್ಕು ಅಂಗಿ ಬರೆದು ಮುಗಿಸಿದ್ದೆ. ಗೀಟಿನದು, ಚೌಕಳಿಯದು, ಖಾಕಿ, ಬಿಳಿ ಜುಬ್ಬ. ಆಗ ಕೋಡ್ ಬರೆಯುವ ಗೆಳೆಯ ಬಂದು, "ಕಟ್ಟೆ ಮೇಲೆ ಕೂತು ಕಾಫಿ ಕುಡಿದರೆ ಚೆನ್ನಾಗಿರುತ್ತೆ ಅಲ್ವಾ?" ಅಂದ. ಚೆನ್ನಾಗೇ ಇರುತ್ತೆ. ಆದರೆ ಆ ಒಂದು ಕೂರುವ ಫ್ರೇಮಿಗೆ ಹದಿನಾಲ್ಕು ಅಂಗಿ, ನಾಲ್ಕು ದಿಕ್ಕು, ಎರಡು ಮೈ ಅಂತ 112 ಚಿತ್ರ ಮತ್ತೆ ಬರೆದೆ. ಆಟದಲ್ಲಿ ಏನೇನು ಚಲನೆ ಬೇಕು ಅಂತ ಎಲ್ಲರೂ ಕೂತು ಮಾತಾಡಿ, ಪಟ್ಟಿ ಮಾಡಿ, ಮುಗೀತು ಅಂತ ಬೀಗ ಹಾಕಿ. ದರ್ಜಿ ಅಳತೆ ತೆಗೆದುಕೊಳ್ಳದೆ ಬಟ್ಟೆಗೆ ಕತ್ತರಿ ಹಾಕುತ್ತಾನಾ?

ಎಷ್ಟು ಪಿಕ್ಸೆಲ್ ಅಳತೆ ಇಟ್ಟುಕೊಳ್ಳಲಿ?

16, 32, 48, 64, ಇವು ಸಾಮಾನ್ಯವಾಗಿ ಎಲ್ಲರೂ ಬಳಸುವ ಅಳತೆ. ನಮ್ಮದು 64 ಅಗಲ, 64 ಎತ್ತರದ ಚೌಕ. ಆಳಿನ ಎತ್ತರ 44 ಪಿಕ್ಸೆಲ್ ಅಷ್ಟೇ. ಉಳಿದ ಜಾಗ ತಲೆಯ ಮೇಲಿನ ಪೇಟಕ್ಕೆ, ಹೂವಿನ ಬುಟ್ಟಿಗೆ, ಕೈಯಲ್ಲಿ ಹಿಡಿದ ಕೊಡೆಗೆ. ಈ ಖಾಲಿ ಜಾಗವನ್ನು ಮೊದಲೇ ಬಿಡದಿದ್ದರೆ ಆಮೇಲೆ ಕೊಡೆಯ ತುದಿ ಕತ್ತರಿಸಿಹೋಗುತ್ತದೆ.

ಅಳತೆ ಯಾವುದೇ ಇರಲಿ, ಬೊಟ್ಟು ಇಡುವ ಪಾತ್ರಗಳಿದ್ದರೆ ಮುಖದ ಅಗಲವನ್ನು ಬೆಸ ಸಂಖ್ಯೆಯಲ್ಲಿ ಇಡಿ. ನಾನು ಮೊದಲು ಮುಖವನ್ನು 12 ಪಿಕ್ಸೆಲ್ ಅಗಲ ಮಾಡಿದ್ದೆ. ಕುಂಕುಮ ಇಡಲು ಹೋದರೆ ನಡು ಪಿಕ್ಸೆಲ್ಲೇ ಇಲ್ಲ! ಒಂದು ಪಿಕ್ಸೆಲ್ ಇಟ್ಟರೆ ಹುಬ್ಬಿನ ಕಡೆ ಜಾರಿದ ಹಾಗೆ ಕಾಣುತ್ತದೆ. ಎರಡು ಇಟ್ಟರೆ ಹಣೆಗೆ ಪಟ್ಟಿ ಅಂಟಿಸಿದ ಹಾಗೆ. ಒಂದು ಸಂಜೆಯೆಲ್ಲ ತಿಣುಕಾಡಿ ಕೊನೆಗೆ ಮುಖವನ್ನೇ 13 ಮಾಡಿದೆ. ವಿಭೂತಿ ಇನ್ನೂ ಕಷ್ಟ. ಮೂರು ಗೆರೆ, ನಡುವೆ ಎರಡು ಸಂದು, ಒಟ್ಟು ಐದು ಸಾಲು ಪಿಕ್ಸೆಲ್ ಬೇಕು. ನನ್ನ ಪಾತ್ರದ ಹಣೆ ಇರುವುದೇ ಮೂರು ಸಾಲು. ಎರಡು ಸಾಲು ಮಾಸಲು ಬಿಳಿ ಹಾಕಿ ಬಿಟ್ಟಿದ್ದೇನೆ. ಗೊತ್ತಿರುವವರಿಗೆ ಗೊತ್ತಾಗುತ್ತದೆ.

ಯಾವ ಲೇಯರ್ ಕೆಳಗೆ, ಯಾವುದು ಮೇಲೆ?

ಕೆಳಗಿನಿಂದ ಹೇಳುವುದಾದರೆ: ನೆರಳು, ಹಿಂದಿನ ಕೂದಲು, ಮೈ, ಚಪ್ಪಲಿ, ಕೆಳಗಿನ ಬಟ್ಟೆ, ಮೇಲಿನ ಬಟ್ಟೆ, ಕೈಗಳು, ಸರ, ಮುಖ, ಮುಂದಿನ ಕೂದಲು, ಪೇಟ ಅಥವಾ ಟೋಪಿ, ಕೈಯಲ್ಲಿ ಹಿಡಿದದ್ದು. ಆದರೆ ಇದು ಪಾತ್ರ ನಮ್ಮ ಕಡೆ ನೋಡುತ್ತಿರುವಾಗ ಮಾತ್ರ.

ಜಡೆ ನೋಡಿ. ಮುಂದಿನಿಂದ ನೋಡಿದರೆ ಜಡೆ ಬೆನ್ನ ಹಿಂದೆ, ನೆರಳು ಬಿಟ್ಟರೆ ಎಲ್ಲಕ್ಕಿಂತ ಕೆಳಗಿನ ಲೇಯರ್. ಅದೇ ಹುಡುಗಿ ಬೆನ್ನು ತಿರುಗಿಸಿ ನಡೆದರೆ ಜಡೆ ರವಿಕೆಯ ಮೇಲೆ ಬರಬೇಕು, ಮುಡಿದ ಮಲ್ಲಿಗೆ ಜಡೆಗಿಂತ ಮೇಲೆ ಬರಬೇಕು. ಮುಂದಿನಿಂದ ಮಲ್ಲಿಗೆ ಕಿವಿಯ ಹಿಂದಿನಿಂದ ಎರಡು ಮೂರು ಬಿಳಿ ಚುಕ್ಕೆಯಾಗಿ ಇಣುಕಿದರೆ ಸಾಕು. ಹಾಗಾಗಿ ದಿಕ್ಕಿಗೊಂದು ಕ್ರಮದ ಪಟ್ಟಿ ಬೇಕು. ಅದನ್ನು ಕೋಡ್ ಒಳಗೆ ಹೂತಿಡಬೇಡಿ. ಬೇರೆ ಡೇಟಾ ಫೈಲಿನಲ್ಲಿ ಇಡಿ. ನಾಳೆ ಬಟ್ಟೆ ಸೇರಿಸುವವರು ಕಲಾವಿದರು, ಅವರು ಕೋಡ್ ತೆರೆಯುವಂತಾಗಬಾರದು.

ಕೈಗಳನ್ನು ಮೈಯಿಂದ ಬೇರೆ ಮಾಡಿದ್ದು ಗಮನಿಸಿದ್ರಾ? ಹತ್ತಿರದ ಕೈ, ದೂರದ ಕೈ ಎರಡೂ ಬೇರೆ ಬೇರೆ ಲೇಯರ್. ಇಲ್ಲದಿದ್ದರೆ ಶಲ್ಯ ಹೊದ್ದಾಗ ಕೈ ಪೂರ್ತಿ ಮಾಯ.

ಎಡಕ್ಕೆ ಬರೆದದ್ದನ್ನು ಕನ್ನಡಿ ಮಾಡಿ ಬಲಕ್ಕೆ ಬಳಸಬಹುದಾ? ಒಂದು ದಿಕ್ಕಿನ ಕೆಲಸ ಉಳಿಯುತ್ತದೆ.

ಉಳಿಯುತ್ತದೆ. ಟೀಶರ್ಟು, ಪ್ಯಾಂಟು ಹಾಕಿದವರಿಗೆ ಧಾರಾಳವಾಗಿ ಮಾಡಿ. ಸೀರೆಗೆ ಮಾಡಿದರೆ ಯಾರಾದರೂ ಒಬ್ಬರು ಹಿಡಿದೇ ಹಿಡಿಯುತ್ತಾರೆ. ನನ್ನ ವಿಷಯದಲ್ಲಿ ಹಿಡಿದದ್ದು ನಮ್ಮಮ್ಮ. "ಇದ್ಯಾಕೆ ಇವಳು ಆ ಕಡೆ ಹೋಗುವಾಗ ಬಲಕ್ಕೆ ಸೆರಗು ಹಾಕ್ಕೊಂಡಿದಾಳೆ?" ಅಂತ ಕೇಳಿದರು.

ಸಾಮಾನ್ಯವಾಗಿ ಉಡುವ ರೀತಿಯಲ್ಲಿ ಸೆರಗು ಎಡಭುಜದ ಮೇಲೆ. ಪಾತ್ರ ತೆರೆಯ ಎಡಕ್ಕೆ ನಡೆದರೆ ನಮಗೆ ಕಾಣುವುದು ಆಕೆಯ ಎಡಭುಜ, ಸೆರಗು ಪೂರ್ತಿ ಇಳಿಬಿದ್ದದ್ದು ಕಾಣಬೇಕು. ಬಲಕ್ಕೆ ನಡೆದರೆ ಕಾಣುವುದು ಬಲಭುಜ. ಅಲ್ಲಿ ಕಾಣುವುದು ರವಿಕೆಯ ತೋಳು ಮತ್ತು ಎದೆಯ ಮೇಲೆ ಓರೆಯಾಗಿ ಹಾದುಹೋದ ಸೀರೆ ಮಾತ್ರ. ಇವೆರಡೂ ಬೇರೆ ಚಿತ್ರಗಳೇ, ಕನ್ನಡಿ ಕೆಲಸ ಮಾಡುವುದಿಲ್ಲ. ಇನ್ನು ಕೊಡವ ಸೀರೆಯಲ್ಲಿ ನೆರಿಗೆ ಹಿಂದಕ್ಕೆ, ಸೆರಗಿನ ತುದಿ ಬಲಭುಜದ ಮೇಲೆ. ಅಲ್ಲಿ ನೀವು ಕನ್ನಡಿ ಹಿಡಿದರೆ ತಪ್ಪು ಉಲ್ಟಾ ಆಗುತ್ತದೆ ಅಷ್ಟೇ. ಜನಿವಾರ ಎಡಭುಜದಿಂದ ಇಳಿಯುತ್ತದೆ. ಅಂಗಿಯ ಜೇಬು, ಅದರಲ್ಲಿ ಸಿಕ್ಕಿಸಿದ ಪೆನ್ನು ಎಡಗಡೆ. ವಾಚು ಬಹುತೇಕರಿಗೆ ಎಡಗೈಯಲ್ಲಿ. ನಾವು ಮಾಡಿದ್ದು ಇಷ್ಟು: ಮೈ ಮತ್ತು ಸಾದಾ ಬಟ್ಟೆಗೆ ಕನ್ನಡಿ, ಸೀರೆ, ಶಲ್ಯ, ಜನಿವಾರಗಳಿಗೆ ಎರಡೂ ಕಡೆ ಬೇರೆ ಚಿತ್ರ.

ಇನ್ನೊಂದು ಸಣ್ಣ ಕಾಟ ಇದೆ. ಬೆಸ ಅಗಲದ ಮೈಯನ್ನು ಸಮ ಅಗಲದ ಕ್ಯಾನ್ವಾಸಿನಲ್ಲಿಟ್ಟು ತಿರುಗಿಸಿದರೆ ಆಳು ಒಂದು ಪಿಕ್ಸೆಲ್ ಪಕ್ಕಕ್ಕೆ ಜಿಗಿಯುತ್ತಾನೆ. ಕನ್ನಡಿ ಮಾಡಿದಾಗ ಅಷ್ಟನ್ನು ಹಿಂದಕ್ಕೆ ಸರಿಸಿ.

ಸೀರೆಯನ್ನು ಮೇಲಿನ ಬಟ್ಟೆ ಅನ್ನಬೇಕಾ, ಕೆಳಗಿನ ಬಟ್ಟೆ ಅನ್ನಬೇಕಾ?

ಎರಡೂ ಅಲ್ಲ. ಸಿದ್ಧ ಟೆಂಪ್ಲೇಟುಗಳು ಅಂಗಿ-ಪ್ಯಾಂಟಿನ ಲೋಕಕ್ಕೆ ಮಾಡಿದವು. ನಮ್ಮ ಬಟ್ಟೆ ಅಲ್ಲಿ ಕೂರುವುದಿಲ್ಲ. ನಾವು ಸೀರೆಯನ್ನು ಮೂರು ತುಂಡು ಮಾಡಿದೆವು: ರವಿಕೆ, ನೆರಿಗೆ ಇರುವ ಕೆಳಭಾಗ, ಸೆರಗು. ಮೂರಕ್ಕೂ ಲೇಯರ್ ಬೇರೆ. ಆಡುವವರಿಗೆ ಮಾತ್ರ ಅದು ಒಂದೇ ಸಾಮಾನು. ಸೀರೆ ಆರಿಸಿದರೆ ಅದು ಮೇಲಿನ ಸ್ಲಾಟು, ಕೆಳಗಿನ ಸ್ಲಾಟು ಎರಡನ್ನೂ ಹಿಡಿದುಕೊಳ್ಳುತ್ತದೆ. ರವಿಕೆಯನ್ನು ಬೇರೆಯಾಗಿ ಬದಲಾಯಿಸಬಹುದು. ಪಂಚೆಗೂ ಒಂದು ಚಿತ್ರ ಸಾಲದು. ಇಳಿಬಿಟ್ಟದ್ದು, ಮೊಣಕಾಲಿಗೆ ಮಡಚಿ ಕಟ್ಟಿದ್ದು, ಕಚ್ಚೆ ಹಾಕಿದ್ದು, ಮೂರರಲ್ಲೂ ನಡಿಗೆಯೇ ಬೇರೆ ಕಾಣುತ್ತದೆ.

ಟೋಪಿ ಹಾಕಿದರೆ ಕೂದಲು ಹೊರಗೆ ತೂರಿಕೊಂಡು ಬರುತ್ತದೆ. ಏನು ಮಾಡಲಿ?

ಪ್ರತಿ ಟೋಪಿಗೂ ಒಂದು ಮಾಸ್ಕ್ ಬರೆಯಿರಿ. ಕೂದಲಿನ ಯಾವ ಭಾಗ ಮುಚ್ಚಿಹೋಗಬೇಕು ಅಂತ ಹೇಳುವ ಕಪ್ಪು-ಬಿಳುಪು ಚಿತ್ರ ಅದು. ಪೇಟಕ್ಕೆ, ಮಂಕಿ ಕ್ಯಾಪಿಗೆ ಇಷ್ಟು ಸಾಕು. ಹೆಲ್ಮೆಟ್ ನಮ್ಮನ್ನು ಸೋಲಿಸಿತು. ಬೆಂಗಳೂರಿನ ಆಟದಲ್ಲಿ ಹೆಲ್ಮೆಟ್ ಇಲ್ಲದೆ ಆಗಲ್ಲ. ಹೆಲ್ಮೆಟ್ ಕೆಳಗೆ ತುರುಬು ಇಟ್ಟರೆ ಯಾವ ಮಾಸ್ಕೂ ಸರಿ ಕಾಣುವುದಿಲ್ಲ, ತಲೆ ಒಳಗೆ ಎಲ್ಲಿ ಹೋಯಿತು ಅನ್ನಿಸುತ್ತದೆ. ಕೊನೆಗೆ ಪ್ರತಿ ಕೇಶಶೈಲಿಗೂ ‘ಹೆಲ್ಮೆಟ್ ಅಡಿಯ ರೂಪ’ ಅಂತ ಒಂದು ಹೆಸರಿಸಿದೆವು. ತುರುಬು ಇದ್ದವರಿಗೆ ಹೆಲ್ಮೆಟ್ ಹಾಕಿದಾಗ ಇಳಿಬಿಟ್ಟ ಜಡೆ. ನಿಜ ಜೀವನದಲ್ಲೂ ಹೀಗೇ ಮಾಡಿಕೊಳ್ಳುತ್ತಾರಲ್ಲ.

ತಲೆಯ ಸಾಮಾನುಗಳಿಗೂ 52 ಚಿತ್ರ ಬರೆಯಬೇಕಾ?

ಬೇಡ! ಇದು ನಾನು ತಡವಾಗಿ ಕಲಿತ ಉಪಾಯ. ನಡೆಯುವಾಗ ತಲೆಯ ಆಕಾರ ಬದಲಾಗುವುದಿಲ್ಲ, ಒಂದೋ ಎರಡೋ ಪಿಕ್ಸೆಲ್ ಮೇಲೆ ಕೆಳಗೆ ಕುಪ್ಪಳಿಸುತ್ತದೆ ಅಷ್ಟೇ. ಯಾವ ಫ್ರೇಮಿನಲ್ಲಿ ತಲೆ ಎಷ್ಟು ಸರಿದಿದೆ ಅಂತ ಒಂದು ಅಂಕಿಗಳ ಪಟ್ಟಿ ಮಾಡಿಡಿ. ಮೂಗುತಿ, ಕನ್ನಡಕ, ಗಡ್ಡ, ಪೇಟ, ಗಿಡ್ಡ ಕೂದಲು ಇವನ್ನು ದಿಕ್ಕಿಗೊಂದರಂತೆ ನಾಲ್ಕೇ ಬರೆಯಿರಿ. ಆಟವೇ ಆ ಪಟ್ಟಿ ನೋಡಿ ಸರಿಸಿಕೊಳ್ಳುತ್ತದೆ. 52 ಇದ್ದದ್ದು 4 ಆಯಿತು. ತೂಗಾಡುವ ಜಡೆ, ಜುಮುಕಿಗೆ ಮಾತ್ರ ಇದು ಸಾಲದು. ಬಗ್ಗುವ ಫ್ರೇಮುಗಳಲ್ಲೂ ಒಮ್ಮೆ ಕಣ್ಣಾಡಿಸಿ.

ಬಣ್ಣ ಬದಲಾಯಿಸಲು ಪ್ರತಿ ಬಣ್ಣಕ್ಕೂ ಬೇರೆ ಫೈಲ್ ಮಾಡಬೇಕಾ?

ಬೇಡ. ಬಣ್ಣ ಬದಲಿಸಿ ಹೊಸ ಪಾತ್ರ ಮಾಡುವುದು ಹಳೇ ವಿದ್ಯೆ. 1985ರ ‘ಸೂಪರ್ ಮಾರಿಯೋ ಬ್ರದರ್ಸ್’ನಲ್ಲಿ ಲುಯಿಜಿ ಅಂದರೆ ಬಣ್ಣ ಬದಲಿಸಿದ ಮಾರಿಯೋನೇ. ಅದು ಓಡುತ್ತಿದ್ದ ನಿಂಟೆಂಡೋ ಯಂತ್ರದಲ್ಲಿ ಒಂದು ಸ್ಪ್ರೈಟ್ ಪ್ಯಾಲೆಟ್‌ಗೆ (ಬಣ್ಣಗಳ ಗುಂಪಿಗೆ) ಮೂರು ಬಣ್ಣ, ಜೊತೆಗೆ ಪಾರದರ್ಶಕ. ಅಷ್ಟರಲ್ಲೇ ಅಣ್ಣತಮ್ಮ ಇಬ್ಬರೂ ಬಂದರು.

ಸುಲಭದ ದಾರಿ ಅಂದರೆ ಬಟ್ಟೆಯನ್ನು ಬೂದು ಛಾಯೆಯಲ್ಲಿ ಬರೆದು, ಆಟ ನಡೆಸುವ ತಂತ್ರಾಂಶವಾದ ಎಂಜಿನ್‌ನಲ್ಲಿ ಬಣ್ಣದಿಂದ ಗುಣಿಸುವುದು. ಬಿಳಿ ಇದ್ದ ಕಡೆ ಆ ಬಣ್ಣ ಬರುತ್ತದೆ, ಕಪ್ಪು ಕಪ್ಪಾಗೇ ಉಳಿಯುತ್ತದೆ. ಸಾದಾ ಟೀಶರ್ಟಿಗೆ ಸಾಕು. ಆದರೆ ನೆರಳು ಸತ್ತ ಹಾಗೆ ಕಾಣುತ್ತದೆ. ಹಳದಿ ಬಟ್ಟೆಯ ನೆರಳು ಕೇಸರಿ ಕಡೆ ವಾಲಬೇಕು, ಗುಣಿಸಿದರೆ ಪಾಚಿ ಬಣ್ಣಕ್ಕೆ ಹೋಗುತ್ತದೆ.

ಎರಡನೇ ದಾರಿ ಪ್ಯಾಲೆಟ್ ಶೇಡರ್. ಶೇಡರ್ ಅಂದರೆ ತೆರೆಯ ಮೇಲೆ ಯಾವ ಪಿಕ್ಸೆಲ್ಲಿಗೆ ಯಾವ ಬಣ್ಣ ಅಂತ ತೀರ್ಮಾನಿಸುವ ಪುಟ್ಟ ಪ್ರೋಗ್ರಾಮ್. ಚಿತ್ರದಲ್ಲಿ ನಾಲ್ಕೇ ಛಾಯೆ ಇಡಿ. ಅವು ಬಣ್ಣ ಅಲ್ಲ, ನಂಬರು. ಪಕ್ಕದಲ್ಲಿ ನಾಲ್ಕು ಪಿಕ್ಸೆಲ್‌ನ ಒಂದು ಬಣ್ಣದ ಪಟ್ಟಿ. ಶೇಡರ್ ನಂಬರು ನೋಡಿ ಪಟ್ಟಿಯಿಂದ ಬಣ್ಣ ಎತ್ತಿ ಹಾಕುತ್ತದೆ. ಹೊಸ ಬಣ್ಣ ಬೇಕಾದರೆ ಹೊಸ ಪಟ್ಟಿ ಸಾಕು.

ಸೀರೆಗೆ ಇದನ್ನೇ ಸ್ವಲ್ಪ ಹಿಗ್ಗಿಸಿದೆವು. ಪ್ರತಿ ಪಿಕ್ಸೆಲ್ಲಿಗೂ ಕೆಂಪು, ಹಸಿರು, ನೀಲಿ ಅಂತ ಮೂರು ಅಂಕಿ ಇರುತ್ತವೆ, ಅವೇ ಚಾನೆಲ್. ಚಿತ್ರದ ಕೆಂಪು ಚಾನೆಲ್‌ನಲ್ಲಿ ಸೀರೆಯ ಒಡಲು, ಹಸಿರಿನಲ್ಲಿ ಅಂಚು, ನೀಲಿಯಲ್ಲಿ ಸೆರಗು. ಮೂರಕ್ಕೂ ಬೇರೆ ಬೇರೆ ಬಣ್ಣದ ಪಟ್ಟಿ. ಈಗ ಒಂದೇ ಚಿತ್ರ ಜರಿ ಅಂಚಿನ ಮೈಸೂರು ರೇಷ್ಮೆ ಆಗುತ್ತದೆ. ಸೆರಗಿಗೆ ಕೆಂಪು ಕೊಟ್ಟು ಎರಡು ಪಿಕ್ಸೆಲ್‌ನ ಬಿಳಿ ತೆನೆ ಎಳೆದರೆ ಇಳಕಲ್ ಸೀರೆ. ಮೊದಲ ಸಲ ಇಳಕಲ್ ಸೀರೆ ತೆರೆಯ ಮೇಲೆ ನಡೆದು ಹೋದಾಗ ಮೂವರೂ ಸುಮ್ನೆ ಐದು ನಿಮಿಷ ನೋಡಿಕೊಂಡು ಕೂತಿದ್ದೆವು. ಟೆಕ್ಸ್ಚರ್ ಫಿಲ್ಟರ್ (ಚಿತ್ರದಿಂದ ಬಣ್ಣ ಎತ್ತುವ ರೀತಿಯ ಸೆಟ್ಟಿಂಗ್) ಅನ್ನು ‘ನಿಯರೆಸ್ಟ್’ಗೆ ಇಡುವುದು ಮರೆಯಬೇಡಿ. ಇಲ್ಲದಿದ್ದರೆ ಪಕ್ಕದ ಬಣ್ಣ ಸೋರಿ ಅಂಚಿಗೆಲ್ಲ ಕಲೆ.

ಮೈಬಣ್ಣಗಳನ್ನು ಹೇಗೆ ಆರಿಸಿದಿರಿ?

ಒಂದು ತಿಳಿ ಬಣ್ಣ ಬರೆದು ಅದನ್ನೇ ಕಪ್ಪು ಮಾಡುತ್ತ ಹೋಗಬೇಡಿ. ಹಾಗೆ ಮಾಡಿದರೆ ಬೂದಿ ಬಳಿದ ಹಾಗೆ ಆಗುತ್ತದೆ. ಪ್ರತಿ ಮೈಬಣ್ಣಕ್ಕೂ ನಾಲ್ಕು ಛಾಯೆಯನ್ನು ಬೇರೆಯಾಗಿ ಆರಿಸಿ. ಕಪ್ಪು ಮೈಯ ನೆರಳಿಗೆ ಸ್ವಲ್ಪ ಕೆಂಪು ಬೆರೆಸಿ, ಹೊಳಪಿನ ಜಾಗ ಧೈರ್ಯವಾಗಿ ಬೆಳಗಿಸಿ. ಬೇಸ್ ಆಗಿ ನಡುವಿನ ಕಂದು ಇಟ್ಟುಕೊಂಡೆವು. ಆಟ ತೆರೆದ ತಕ್ಷಣ ಬರುವ ಪಾತ್ರ ನಮ್ಮ ಬೀದಿಯವನ ಹಾಗೆ ಕಾಣಬೇಕು, ಅಷ್ಟೇ. ಆಯ್ಕೆ ಪಟ್ಟಿಯಲ್ಲಿ ಬಣ್ಣಗಳಿಗೆ ಹೆಸರೇ ಇಟ್ಟಿಲ್ಲ. ‘ಗೋಧಿ’, ‘ಎಣ್ಣೆಗೆಂಪು’ ಅಂತ ಶುರು ಮಾಡಿದರೆ ಮದುವೆ ಜಾಹೀರಾತು ಓದಿದ ಹಾಗಾಗುತ್ತದೆ. ಬರೀ ಬಣ್ಣದ ಚೌಕ ತೋರಿಸುತ್ತೇವೆ.

ಹಿನ್ನೆಲೆಯ ಮೇಲೆ ಇಟ್ಟು ನೋಡುವುದು ಮುಖ್ಯ. ನಮ್ಮ ಆಟದ ಹಳೇ ಮನೆಗೆ ರೆಡ್ ಆಕ್ಸೈಡ್ ನೆಲ. ಅದರ ಮೇಲೆ ಬರಿಗಾಲಿನಲ್ಲಿ ನಿಂತ ಅರ್ಧ ಜನರ ಪಾದ ಮಾಯವಾಗಿತ್ತು. ನೆಲವನ್ನು ಒಂದು ಛಾಯೆ ಗಾಢ ಮಾಡಿ, ಪಾದದ ಗೆರೆಯನ್ನು ತಿಳಿ ಮಾಡಿದೆ.

ಫ್ರೇಮ್ ಫ್ರೇಮ್ ಬರೆಯುವ ಬದಲು ಮೂಳೆ ಹಾಕಿ ಆಡಿಸಿದರೆ?

ತೊಗಲು ಗೊಂಬೆ ನೋಡಿದ್ದೀರಾ? ಕೈಕಾಲು ಬೇರೆ ಬೇರೆ ತುಂಡು, ಕೀಲಿನಲ್ಲಿ ಜೋಡಿಸಿ ಕಡ್ಡಿಯಿಂದ ಆಡಿಸುತ್ತಾರೆ. ಸ್ಪೈನ್, ಡ್ರ್ಯಾಗನ್‌ಬೋನ್ಸ್ ಇಂಥ ತಂತ್ರಾಂಶಗಳು ಮಾಡುವುದು ಅದೇ. ಅಂಗಿಯ ತೋಳನ್ನು ಒಮ್ಮೆ ಬರೆದು ತೋಳಿನ ಮೂಳೆಗೆ ಕಟ್ಟಿದರೆ ಆಯಿತು. ಎಷ್ಟು ಹೊಸ ಚಲನೆ ಸೇರಿಸಿದರೂ ತೋಳು ತಾನೇ ಹೋಗುತ್ತದೆ. ದೊಡ್ಡ ಅಳತೆಯ, ಕೈಯಲ್ಲಿ ಬರೆದಂಥ ಚಿತ್ರವಾದರೆ ಕಣ್ಣು ಮುಚ್ಚಿ ಇದನ್ನೇ ಆರಿಸಿ. 44 ಪಿಕ್ಸೆಲ್ ಆಳಿಗೆ ಬೇಡ. ಪಿಕ್ಸೆಲ್ ಚಿತ್ರವನ್ನು ಓರೆಯಾಗಿ ತಿರುಗಿಸಿದರೆ ಗೆರೆಗಳು ಹರಿದು ಮೆಟ್ಟಿಲು ಮೆಟ್ಟಿಲಾಗುತ್ತವೆ.

ಯಾವ ಸಾಫ್ಟ್‌ವೇರ್?

ಏಸ್‌ಪ್ರೈಟ್. ಅದರ ಹಳೇ ಮುಕ್ತ ಕೋಡಿನಿಂದ ಕವಲೊಡೆದ ಲಿಬ್ರೆಸ್ಪ್ರೈಟ್ ಉಚಿತ. ಕ್ರಿಟಾ ಕೂಡ ಉಚಿತ. ಕೈಗೆ ಯಾವುದು ಒಗ್ಗುತ್ತದೋ ಅದು.

ಎಕ್ಸ್‌ಪೋರ್ಟ್ ಮಾಡುವಾಗ ಮಾತ್ರ ಎಚ್ಚರ. ಖಾಲಿ ಅಂಚನ್ನು ಕತ್ತರಿಸುವ ‘ಟ್ರಿಮ್’ ಆಯ್ಕೆ ಆಫ್ ಇರಲಿ. ಒಮ್ಮೆ ಅದು ಆನ್ ಆಗಿದ್ದು ಗೊತ್ತಾಗದೆ ಎಲ್ಲ ಫೈಲ್ ಕಳಿಸಿದ್ದೆ. ಬೀದಿಯ ಜನರೆಲ್ಲ ಮೈ ಒಂದು ಕಡೆ, ಬಟ್ಟೆ ಒಂದು ಕಡೆ ನಡೆಯುತ್ತಿದ್ದರು. ಫೈಲ್ ಹೆಸರುಗಳನ್ನು ಇಂಗ್ಲಿಷ್ ಸಣ್ಣಕ್ಷರದಲ್ಲೇ ಇಡಿ. ವಿಂಡೋಸ್ ದೊಡ್ಡಕ್ಷರ ಸಣ್ಣಕ್ಷರ ಬೇರೆ ಮಾಡುವುದಿಲ್ಲ, ಆಂಡ್ರಾಯ್ಡ್ ಮಾಡುತ್ತದೆ. ನಿಮ್ಮ ಕಂಪ್ಯೂಟರಿನಲ್ಲಿ ಇದ್ದ ಚಪ್ಪಲಿ ಫೋನಿನಲ್ಲಿ ಕಾಣೆಯಾದರೆ ಕಾರಣ ಬಹುಶಃ ಇದೇ.

ಇಬ್ಬರು ಎದುರುಬದುರಾದಾಗ ಒಬ್ಬನ ಪೇಟ ಇನ್ನೊಬ್ಬನ ಮುಖದ ಮೇಲೆ ಬರುತ್ತಿದೆ!

ಚಿಕ್ಕಪೇಟೆಯ ನೂಕುನುಗ್ಗಲಿನಲ್ಲಿ ನಮಗೂ ಆಗಿತ್ತು. ಗೊಡೋ ಅನ್ನುವ ಎಂಜಿನ್‌ನಲ್ಲಿ ನೀವು ಲೇಯರ್‌ಗಳಿಗೆ ಜೆಡ್ ಇಂಡೆಕ್ಸ್, ಅಂದರೆ ಯಾವುದು ಮೇಲೆ ಅಂತ ಹೇಳುವ ಅಂಕಿ, ಕೊಟ್ಟಿರಬೇಕು. ಅದು ಪಾತ್ರದ ಒಳಗೆ ನಿಲ್ಲುವುದಿಲ್ಲ, ಪಕ್ಕದ ಪಾತ್ರವನ್ನೂ ದಾಟುತ್ತದೆ. ಅದನ್ನು ತೆಗೆದು, ಪಾತ್ರದ ಒಳಗಿನ ಲೇಯರ್‌ಗಳ (ಚೈಲ್ಡ್ ನೋಡ್) ಕ್ರಮವನ್ನೇ ಬದಲಾಯಿಸಿ. ಮುಂದೆ ಯಾರು ಹಿಂದೆ ಯಾರು ಅನ್ನುವುದನ್ನು ಪಾದ ಇರುವ ಜಾಗದ ಮೇಲೆ ತೀರ್ಮಾನಿಸಿ. ಯೂನಿಟಿ ಎಂಜಿನ್‌ನಲ್ಲಾದರೆ ಇದಕ್ಕೇ ಸಾರ್ಟಿಂಗ್ ಗ್ರೂಪ್ ಇದೆ. ಜೊತೆಗೆ, ಪ್ರತಿ ಲೇಯರ್ ತನ್ನಷ್ಟಕ್ಕೆ ತಾನು ಅನಿಮೇಶನ್ ಓಡಿಸಬಾರದು. ಫ್ರೇಮ್ ನಂಬರು ಒಂದೇ ಇರಬೇಕು, ಎಲ್ಲ ಲೇಯರ್ ಅದನ್ನೇ ನೋಡಬೇಕು.

ಇಷ್ಟೊಂದು ಲೇಯರ್ ಇದ್ದರೆ ಆಟ ನಿಧಾನ ಆಗಲ್ವಾ?

ಲೆಕ್ಕ ಹಾಕಿ. 64ರ ಚೌಕ, ಪಿಕ್ಸೆಲ್‌ಗೆ 4 ಬೈಟ್, ಅಂದರೆ ಫ್ರೇಮಿಗೆ 16 ಕೆಬಿ. 52 ಫ್ರೇಮಿಗೆ 832 ಕೆಬಿ. ಒಂದೇ ಅಂಗಿಯನ್ನು ಹತ್ತು ಜನ ಹಾಕಿದರೂ ಅದರ ಎಲ್ಲ ಫ್ರೇಮ್ ಜೋಡಿಸಿದ ಶೀಟು ಮೆಮೊರಿಯಲ್ಲಿ ಒಂದೇ ಸಲ. ತೆರೆಯ ಮೇಲೆ 20 ಜನ, ಒಬ್ಬೊಬ್ಬರಿಗೆ 9 ಲೇಯರ್ ಅಂದರೆ 180 ಚಿತ್ರ. ಕಂಪ್ಯೂಟರಿಗೆ ಇದು ಲೆಕ್ಕಕ್ಕೇ ಇಲ್ಲ. ಹಳೇ ಫೋನಿನಲ್ಲಿ ತೊಡಕಾದರೆ, ಬಟ್ಟೆ ಬದಲಿಸಿದಾಗ ಒಮ್ಮೆ ಮಾತ್ರ ಎಲ್ಲ ಲೇಯರ್ ಸೇರಿಸಿ ಒಂದೇ ಶೀಟು ಮಾಡಿಟ್ಟುಕೊಳ್ಳಿ. ಆಗ 20 ಜನರಿಗೆ 16 ಎಂಬಿ ಚಿಲ್ಲರೆ. ಸಮಸ್ಯೆ ಬರುವ ಮೊದಲೇ ಇದನ್ನು ಮಾಡಲು ಹೋಗಬೇಡಿ.

ಗಂಡು, ಹೆಣ್ಣು ಬಟ್ಟೆ ಬೇರೆ ಬೇರೆ ಇಡಬೇಕಾ?

ಮೈ ಬೇರೆ ಇಡಿ, ಬಟ್ಟೆಗೆ ಬೀಗ ಹಾಕಬೇಡಿ. ನಾವು ಮೊದಲು ಬೀಗ ಹಾಕಿದ್ದೆವು. ಆಮೇಲೆ ಆಟದಲ್ಲಿ ಕರಗದ ರಾತ್ರಿ ಬಂತು. ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಸ್ಥಾನದಿಂದ ಚೈತ್ರ ಹುಣ್ಣಿಮೆಯ ರಾತ್ರಿ ಹೊರಡುವ ಕರಗ. ಹೊರುವವರು ಗಂಡಸು, ಉಡುಗೆ ಹೆಣ್ಣಿನದು. ಸೀರೆ, ಬಳೆ, ಮಂಗಳಸೂತ್ರ, ತಲೆಯ ಮೇಲೆ ಮಲ್ಲಿಗೆಯ ಕರಗ. ನಮ್ಮ ಸಿಸ್ಟಮ್‌ನಲ್ಲಿ ಆ ಪಾತ್ರ ಮಾಡಲು ದಾರಿಯೇ ಇರಲಿಲ್ಲ. ಬೆಂಗಳೂರಿನ ಆಟ ಅಂತ ಹೇಳಿಕೊಂಡು ಕರಗ ಬರಲ್ಲ ಅಂದರೆ ಹೇಗೆ? ಬೀಗ ಕಿತ್ತೆವು. ಯಾವ ಮೈಗೆ ಯಾವ ಬಟ್ಟೆ ಬೇಕಾದರೂ ಹಾಕಬಹುದು ಅಂತ ಆದ ಮೇಲೆ ಕೋಡೂ ಚಿಕ್ಕದಾಯಿತು.

ಬೀದಿಯ ಜನರನ್ನು ಕಂಪ್ಯೂಟರ್ ತಾನೇ ಹುಟ್ಟಿಸುತ್ತದಾ?

ಹೌದು. ಬಟ್ಟೆಗಳಿಗೆ ‘ಹಬ್ಬ’, ‘ಆಫೀಸು’, ‘ಮನೆ’, ‘ಚಳಿ’ ಅಂತ ಟ್ಯಾಗ್ ಇದೆ. ಜಾಗ, ಹೊತ್ತು ನೋಡಿ ಆರಿಸುತ್ತದೆ. ಶುರುವಿನಲ್ಲಿ ನಿಯಮ ಜಾಸ್ತಿ ಬಿಗಿ ಮಾಡಿದ್ದೆ. ಸೀರೆಗೆ ಶೂ ಇಲ್ಲ, ಪಂಚೆಗೆ ಜಾಕೆಟ್ ಇಲ್ಲ, ಹೀಗೆ. ಒಂದು ಬೆಳಗ್ಗೆ ಲಾಲ್‌ಬಾಗಿಗೆ ಹೋದೆ. ಸೀರೆ, ಅದರ ಮೇಲೆ ಸ್ವೆಟರ್, ಕಾಲಿಗೆ ಸ್ಪೋರ್ಟ್ಸ್ ಶೂ, ತಲೆಗೆ ಮಫ್ಲರ್ ಸುತ್ತಿದ ಅಜ್ಜಿ ನನಗಿಂತ ಜೋರಾಗಿ ನಡೆದು ಮುಂದೆ ಹೋದರು. ಅವತ್ತೇ ಮನೆಗೆ ಬಂದು ಅರ್ಧ ನಿಯಮ ಅಳಿಸಿದೆ.

ಉಚಿತ ಚಿತ್ರಗಳು ಸಿಗುತ್ತವಾ?

ಸಿಗುತ್ತವೆ. 2012ರಲ್ಲಿ ನಡೆದ ‘ಲಿಬರೇಟೆಡ್ ಪಿಕ್ಸೆಲ್ ಕಪ್’ ಸ್ಪರ್ಧೆಯಿಂದ ಹುಟ್ಟಿದ ದೊಡ್ಡ ಭಂಡಾರ ಇದೆ. 64ರ ಚೌಕ, ಸಿದ್ಧ ಬೇಸ್ ಮೈ, ಅದರ ಮೇಲೆ ಅನೇಕರು ಬರೆದ ಬಟ್ಟೆ, ಕೂದಲು. ಕಲಿಯಲು ಇದಕ್ಕಿಂತ ಒಳ್ಳೆಯದು ನಾನು ಕಂಡಿಲ್ಲ. ಬಳಸುವ ಮೊದಲು ಲೈಸೆನ್ಸ್ ಓದಿ. ಬರೆದವರ ಹೆಸರನ್ನೆಲ್ಲ ಹಾಕಬೇಕು. ನೀವು ತಿದ್ದಿದ ಚಿತ್ರವನ್ನೂ ಬಹುಪಾಲು ಅದೇ ಷರತ್ತಿನಲ್ಲಿ ಹಂಚಬೇಕು.

ಆಡುವವರ ಪಾತ್ರವನ್ನು ಸೇವ್ ಮಾಡುವುದು ಹೇಗೆ?

ಪ್ರತಿ ಸಾಮಾನಿಗೂ ಬದಲಾಗದ ಒಂದು ಹೆಸರು ಕೊಟ್ಟು ಅದನ್ನು ಸೇವ್ ಮಾಡಿ. ‘ಪಟ್ಟಿಯಲ್ಲಿ 7ನೆಯದು’ ಅಂತ ಮಾಡಬೇಡಿ. ನಾವು ಹಾಗೆ ಮಾಡಿದ್ದೆವು. ನಡುವೆ ಎರಡು ಗಡ್ಡ ಸೇರಿಸಿದ ಮರುದಿನ, ಆಡಿ ನೋಡುತ್ತಿದ್ದ ಗೆಳತಿಯಿಂದ ಸ್ಕ್ರೀನ್‌ಶಾಟ್ ಬಂತು. ಅವಳ ಅಜ್ಜಿ ಪಾತ್ರಕ್ಕೆ ಮೂಗುತಿ ಇದ್ದ ಕಡೆ ಕುರುಚಲು ಗಡ್ಡ.

ಆಯ್ಕೆಯ ಪರದೆ ಹೇಗಿರಬೇಕು?

ಪಾತ್ರವನ್ನು ಮೂರು ಪಟ್ಟೋ ನಾಲ್ಕು ಪಟ್ಟೋ ದೊಡ್ಡದು ಮಾಡಿ ತೋರಿಸಿ, ಎರಡೂವರೆ ಪಟ್ಟು ಬೇಡ, ಪಿಕ್ಸೆಲ್ ಸೊಟ್ಟಗಾಗುತ್ತದೆ. ನಿಂತಿರುವ ಬದಲು ನಡೆಯುತ್ತಿರಲಿ. ಬೆನ್ನು ತೋರಿಸುವ ಬಟನ್ ಇರಲಿ, ಜಡೆಗೆ ಅಷ್ಟು ಕಷ್ಟಪಟ್ಟಿದ್ದೀರಿ. ಕನ್ನಡದಲ್ಲಿ ಹೆಸರು ಹಾಕುವುದಾದರೆ ಗೊಡೋ 4 ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸುತ್ತದೆ, 3ರಲ್ಲಿ ಆ ಸೌಲಭ್ಯ ಇರಲಿಲ್ಲ. ಸಾಲುಗಳ ನಡುವೆ ಜಾಗ ಜಾಸ್ತಿ ಬಿಡಿ, ಇಲ್ಲದಿದ್ದರೆ ‘ಕನ್ನಡಕ’ದ ಒತ್ತು ಕೆಳಗಿನ ಸಾಲಿಗೆ ತಾಗುತ್ತದೆ.

ಬಟ್ಟೆ ನೋಡಿ ಬರೆಯಲು ಎಲ್ಲಿಗೆ ಹೋಗುತ್ತೀರಿ?

ಹೂವಿಗೆ ಬೆಳಗಿನ ಜಾವದ ಕೆ.ಆರ್. ಮಾರ್ಕೆಟ್. ಸೀರೆಗೆ ಚಿಕ್ಕಪೇಟೆ. ಸಂಜೆಯ ನಡಿಗೆಗೆ ಗಾಂಧಿ ಬಜಾರ್, ಮಲ್ಲೇಶ್ವರದ ಎಂಟನೇ ಕ್ರಾಸ್. ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಹೋದರೆ ಒಂದೇ ದಿನಕ್ಕೆ ಪುಸ್ತಕ ತುಂಬುತ್ತದೆ. ಫೋಟೋ ತೆಗೆಯುವುದಿಲ್ಲ, ಸುಮ್ನೆ ಒಂದು ಕಡೆ ಕೂತು ಪೆನ್ಸಿಲ್ಲಿನಲ್ಲಿ ಗೀಚುತ್ತೇನೆ. ಜನ ಬಗ್ಗಿ ನೋಡುತ್ತಾರೆ, ಕೆಲವರು ತಿದ್ದುತ್ತಾರೆ ಕೂಡ. ಮೊಳ ಹಾಕುವಾಗ ಕೈ ಹೇಗಿರುತ್ತದೆ ಅಂತ ತೋರಿಸಿಕೊಟ್ಟದ್ದು ಒಬ್ಬ ಹೂವಾಡಗಿತ್ತಿಯೇ.

ಶನಿವಾರ ಪೂರ್ತಿ ಬಿಡುವಿದೆ. ಎಲ್ಲಿಂದ ಶುರು ಮಾಡಲಿ?

ಒಂದು ಮೈ, ಒಂದೇ ದಿಕ್ಕು, ನಾಲ್ಕು ಫ್ರೇಮಿನ ನಡಿಗೆ. ಅದಕ್ಕೊಂದು ಅಂಗಿ, ಒಂದು ಪಂಚೆ, ಒಂದು ಕೂದಲು. ಮಧ್ಯಾಹ್ನದ ಊಟದೊಳಗೆ ಎಂಜಿನ್‌ಗೆ ಹಾಕಿ ನಡೆಸಿ ನೋಡಿ. ಅಂಗಿ ಮೈ ಬಿಟ್ಟು ಅಲ್ಲಾಡುತ್ತಿದ್ದರೆ ಸಂಜೆಯವರೆಗೆ ಅದನ್ನೇ ಸರಿಮಾಡಿ. ಅಲ್ಲಾಡದೆ ನಿಂತರೆ ಎರಡನೇ ಅಂಗಿ ಶುರು ಮಾಡಬಹುದು.